ಮಗಳು ಕಸದ ಕೆಲಸಕ್ಕೆ ಹೋದಳು

"ನಿಮ್ಮ ಮಗಳು ಈಗ ಏನು ಮಾಡುತ್ತಿದ್ದಾಳೆ?" ಎಂದು ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ಟೀಚರ್ ಟ್ರೈನಿಂಗ್ ಎನ್ನುತ್ತೀರಿ, ನರ್ಸಿಂಗ್ ಎನ್ನುತ್ತೀರಿ, ಕಂಪ್ಯೂಟರ್ ಎನ್ನುತ್ತೀರಿ. ಕೇಳಿದವರು ತಲೆಯಾಡಿಸಿ "ಮಾಷಾ ಅಲ್ಲಾಹ್" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. 2023ರ ಮಾರ್ಚ್ ತಿಂಗಳಲ್ಲಿ ಸಿಂಧನೂರಿನ ಒಂದು ವಲೀಮಾದಲ್ಲಿ ನನ್ನನ್ನೂ ಹಾಗೆಯೇ ಕೇಳಿದರು. ನಾನು ಬಿರಿಯಾನಿಯ ತಟ್ಟೆ ನೋಡುತ್ತಾ, "ಟ್ರೈನಿಂಗ್‌ಗೆ ಹೋಗ್ತಾಳೆ" ಎಂದೆ. "ಯಾವ ಟ್ರೈನಿಂಗ್?" ಎಂದು ಅವರು ಬಿಡಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ಮಗಳು ತಲೆಯೆತ್ತಿ ಹೇಳಿದಳು: "ಕಸದ ಟ್ರೈನಿಂಗ್, ಖಾಲಾ. ಊರಿನ ಕಸ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ನೋಡೋದು."

ಆ ಸಾಲಿನಲ್ಲಿ ಕುಳಿತವರೆಲ್ಲ ಸುಮ್ಮನಾದರು. ನನಗೆ ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

ಸಹೋದರಿಯರೇ, ನಾನು ಲೇಖಕಿಯಲ್ಲ. ಆದರೆ ಆ ದಿನ ನಾನು ತಲೆ ತಗ್ಗಿಸಿದ್ದಕ್ಕೆ ಕಾರಣ ನನ್ನ ಮಗಳ ಕೆಲಸವಲ್ಲ, ನಾನೇ ಇಪ್ಪತ್ತೊಂದು ವರ್ಷ ಮುಚ್ಚಿಟ್ಟಿದ್ದ ಒಂದು ಮಾತು. ಅದನ್ನು ನಿಮ್ಮ ಮುಂದೆ ಹೇಳಿದರೆ ನಿಮ್ಮಲ್ಲಿ ಒಬ್ಬಳ ಮಗಳಿಗಾದರೂ ದಾರಿ ಸುಲಭವಾದೀತು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮಗಳು ಎಸ್ಸೆಸ್ಸೆಲ್ಸಿ ಪಾಸಾದದ್ದು ಕೊರೋನಾದ ವರ್ಷ, 2020ರಲ್ಲಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಸೇರಿದಳು. ಕೊನೆಯ ಸೆಮಿಸ್ಟರಿಗೆ ಬಂದಾಗ ಹೊರಗೆ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಬೇಕು, ಅಂದರೆ ಕೆಲಸದ ಜಾಗದಲ್ಲೇ ಇದ್ದು ಕಲಿತು ಸರ್ಟಿಫಿಕೇಟ್ ತರಬೇಕು ಎಂದರು. ಅದಿಲ್ಲದಿದ್ದರೆ ಅಂಕಗಳಿಲ್ಲ, ಅಂಕಗಳಿಲ್ಲದಿದ್ದರೆ ಒಂದು ವರ್ಷ ಹೋದಂತೆಯೇ. ಗಂಡು ಮಕ್ಕಳು ಒಂದೇ ವಾರದಲ್ಲಿ ರಸ್ತೆ ಗುತ್ತಿಗೆದಾರರನ್ನೋ ಮನೆ ಕಟ್ಟುವ ಎಂಜಿನಿಯರರನ್ನೋ ಹಿಡಿದುಕೊಂಡರು. ನನ್ನ ಮಗಳು ಒಬ್ಬ ಗುತ್ತಿಗೆದಾರರ ಬಳಿ ಹೋದಾಗ ಅವರು ಬಹಳ ಮರ್ಯಾದೆಯಿಂದಲೇ, "ಬೇಡಮ್ಮಾ, ನಮ್ಮ ಸೈಟಿನಲ್ಲಿ ಹೆಣ್ಣು ಮಕ್ಕಳಿಗೆ ಒಂದು ಬಾತ್‌ರೂಮ್ ಸಹ ಇಲ್ಲ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಮನೆಗೆ ಬಂದು ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ, "ಅಮ್ಮಿ, ನಾನು ಕಸದ ವಿಭಾಗದಲ್ಲಿ ಮಾಡ್ತೀನಿ" ಎಂದಳು.

ಅವಳಿಗೆ ಆ ವಿಚಾರ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯ ಹಿಂದೆ ಒಂದು ಖಾಲಿ ಸೈಟಿದೆ. ಬೀದಿಯವರೆಲ್ಲ ಅಲ್ಲಿಯೇ ಕಸ ಸುರಿಯುತ್ತಿದ್ದರು, ಸಂಜೆಗೆ ಯಾರೋ ಬೆಂಕಿ ಹಚ್ಚುತ್ತಿದ್ದರು. ನಮ್ಮ ಅತ್ತೆಗೆ ದಮ್ಮಿನ ಕಾಯಿಲೆ. ಆ ಹೊಗೆ ಬಂದ ರಾತ್ರಿ ಅವರು ದಿಂಬಿಗೆ ಒರಗಿ ಕುಳಿತೇ ಬೆಳಗು ಮಾಡುತ್ತಿದ್ದರು, ಮಗಳು ಬೆನ್ನು ನೀವುತ್ತಿದ್ದಳು. ಪ್ಲಾಸ್ಟಿಕ್ ಸುಟ್ಟಾಗ, ಅದರಲ್ಲೂ ಪೈಪು ಮತ್ತು ವೈರಿನ ಪಿ.ವಿ.ಸಿ. ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ ಎಂದು ಅವಳು ಪಾಠದಲ್ಲಿ ಓದಿದ್ದಳು. ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿತ್ತಂತೆ. "ಆದರೆ ಅಮ್ಮಿ, ಬೆಂಕಿ ಹಚ್ಚಬೇಡಿ ಅಂದರೆ ಸಾಕಾ? ಎಲ್ಲಿ ಹಾಕಬೇಕು ಅಂತ ಹೇಳಬೇಕಲ್ಲ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅತ್ತೆ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದರು: "ಗುಡಿಸುವ ಕೆಲಸಕ್ಕೆ ಡಿಪ್ಲೊಮಾ ಯಾಕೆ? ನಾಳೆ ಸಂಬಂಧ ಕೇಳಿ ಬಂದವರಿಗೆ ಏನು ಹೇಳಲಿ?"

ಮನೆಯವರು, ಅಂದರೆ ಮಗಳ ಅಬ್ಬಾ, ಸಿಂಧನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಮಾತು ಕಡಿಮೆ. "ಹುಡುಕಲಿ ನೋಡೋಣ, ಸಿಕ್ಕ ಮೇಲೆ ತಾನೇ ಹೋಗೋದು" ಎಂದರು. ಸಿಗಲಾರದು ಎಂದೇ ಅವರು ಭಾವಿಸಿದ್ದರು ಎಂದು ಕಾಣುತ್ತದೆ.

ನಿಜಕ್ಕೂ ಸಿಗಲಿಲ್ಲ. ನಮ್ಮ ಭಾಗ ನೋಡದವರಿಗಾಗಿ ಹೇಳುತ್ತೇನೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ರಾಯಚೂರು ಜಿಲ್ಲೆಯಲ್ಲಿ ಒಂದೇ ಹೆದ್ದಾರಿಯ ಮೇಲಿವೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ರೈಸ್ ಮಿಲ್ಲುಗಳು. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋದಂತೆ ಕಲ್ಲು, ಗುಡ್ಡ. ಆಚೆಗೆ ಹಟ್ಟಿ ಚಿನ್ನದ ಗಣಿ. ಮಗಳು ಆ ಫೆಬ್ರವರಿಯಿಡೀ ಈ ದಾರಿಯಲ್ಲಿ ಬಸ್ಸು ಹತ್ತಿದಳು, ಇಳಿದಳು. ಹೆಣ್ಣು ಮಕ್ಕಳಿಗೆ ಬಸ್ಸು ಉಚಿತವಾದದ್ದು ಆ ವರ್ಷ ಜೂನ್ 11ಕ್ಕೆ. ಆಗಿನ್ನೂ ಟಿಕೆಟ್ಟಿಗೆ ದುಡ್ಡು ಎಣಿಸಿ ಕೊಡಬೇಕಿತ್ತು. ಸೀರೆಯ ಅಂಚಿಗೆ ಫಾಲ್ ಹಾಕಿ ಕೂಡಿಸಿದ ದುಡ್ಡಿನಲ್ಲಿ ನಾನು ಕೊಡುತ್ತಿದ್ದೆ.

ಯಾವ ಕಚೇರಿ ಎಂದು ಹೆಸರು ಹೇಳುವುದು ಬೇಡ. ಒಂದರಲ್ಲಿ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಬೆಂಚಿನ ಮೇಲೆ ಕೂರಿಸಿ, "ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ" ಎಂದರು. ಇನ್ನೊಂದರಲ್ಲಿ ಅರ್ಜಿ ತೆಗೆದುಕೊಂಡರು, ಮುಂದಿನ ವಾರ ಹೋದಾಗ ಆ ಅರ್ಜಿಯೇ ಇರಲಿಲ್ಲ. ಮತ್ತೊಂದರಲ್ಲಿ, "ವಿಧಾನಸಭೆ ಚುನಾವಣೆ ಬರ್ತಾ ಇದೆ, ಮೇ ಮುಗಿಯಲಿ, ಆಮೇಲೆ ಬಾ" ಎಂದರು. ಮೇ ಮುಗಿಯುವಷ್ಟರಲ್ಲಿ ಅವಳ ಸೆಮಿಸ್ಟರೇ ಮುಗಿಯುತ್ತಿತ್ತು.

ನಡುವೆ ಮೊಬೈಲಿನಲ್ಲೂ ಹುಡುಕಿದಳು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಯುವಕರಿಗೆ ತರಬೇತಿ ಕೊಡಲೆಂದು ಕೇಂದ್ರ ಸರಕಾರ 2020ರ ಜೂನ್‌ನಲ್ಲಿ 'ಟ್ಯೂಲಿಪ್' ಎಂಬ ಯೋಜನೆ ಆರಂಭಿಸಿತ್ತು. ಸಂತೋಷದಿಂದ ಓದಿ ನೋಡಿದರೆ ಅದು ಪದವಿ ಮುಗಿಸಿದವರಿಗೆ. ಇನ್ನೂ ಓದುತ್ತಿರುವ ಡಿಪ್ಲೊಮಾ ಹುಡುಗಿಗಲ್ಲ. 2018ರಲ್ಲಿ ಕಾಲೇಜು ಮಕ್ಕಳಿಗಾಗಿ ನೂರು ಗಂಟೆಗಳ ಸ್ವಚ್ಛ ಭಾರತ ಬೇಸಿಗೆ ಇಂಟರ್ನ್‌ಶಿಪ್ ನಡೆದಿತ್ತು. ಅದೂ ಆ ಬೇಸಿಗೆಯದು. ಬೆಂಗಳೂರಿನಲ್ಲಿ ಕಸ ಆಯುವವರ ಜೊತೆ ಕೆಲಸ ಮಾಡುವ 'ಹಸಿರು ದಳ', ತ್ಯಾಜ್ಯ ನಿರ್ವಹಣೆಯಲ್ಲಿ ಹಳೆಯ ಸಂಸ್ಥೆಯಾದ 'ಸಾಹಸ್' ಮುಂತಾದವು ಇವೆ ಎಂದು ಅವಳಿಗೆ ಗೊತ್ತಾಯಿತು. ಆದರೆ ಹತ್ತೊಂಬತ್ತರ ಹುಡುಗಿಯನ್ನು ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಇರಿಸುವ ಶಕ್ತಿ ನಮಗಿರಲಿಲ್ಲ.

ಕೊನೆಗೆ ಒಂದು ಕಚೇರಿಯಲ್ಲಿ, ನಿವೃತ್ತಿಗೆ ಹತ್ತಿರವಿದ್ದ ಆರೋಗ್ಯ ನಿರೀಕ್ಷಕರೊಬ್ಬರು ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು: "ನಮ್ಮ ಗಾಡಿಗೆ ಬರೋ ಒಣಕಸದಲ್ಲಿ ಗಟ್ಟಿ ಪ್ಲಾಸ್ಟಿಕ್ಕು, ಕಬ್ಬಿಣ, ರಟ್ಟು ಇರೋದೇ ಇಲ್ಲ. ಬರೀ ಚಾಕೊಲೇಟ್ ಕಾಗದ, ಹರಿದ ಕವರು. ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಗುತ್ತೆ ಹೇಳು ನೋಡೋಣ? ಅದನ್ನು ತಿಳ್ಕೊಂಡು ಬಾ. ಆಮೇಲೆ ಮಾತಾಡೋಣ."

ಅಂದು ರಾತ್ರಿ ನಾನು ರೊಟ್ಟಿ ಬಡಿಯುತ್ತಿದ್ದೆ. ಮಗಳು ಪಕ್ಕದಲ್ಲಿ ಕುಳಿತು ಅವರ ಪ್ರಶ್ನೆಯನ್ನು ಹೇಳಿದಳು. "ಇದನ್ನು ಯಾರನ್ನ ಕೇಳಲಿ ಅಮ್ಮಿ?"

ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಆ ಪ್ರಶ್ನೆಯ ಉತ್ತರ ಇಡೀ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಸಹೋದರಿಯರೇ, ನನ್ನ ತವರು ಮಸ್ಕಿ. ನನ್ನ ಅಬ್ಬಾ ಗುಜರಿ ವ್ಯಾಪಾರ ಮಾಡುತ್ತಿದ್ದರು. ಸೈಕಲ್ಲಿನ ಹಿಂದೆ ಗೋಣಿಚೀಲ, ಮುಂದೆ ತಕ್ಕಡಿ. ಸುತ್ತಲಿನ ಹಳ್ಳಿಗಳಲ್ಲಿ "ಹಳೇ ಕಬ್ಬಿಣ, ತಗಡು, ಪೇಪರ್" ಎಂದು ಕೂಗುತ್ತಾ ಹೋಗುತ್ತಿದ್ದರು. ದುಡ್ಡಿನ ಬದಲು ಉಳ್ಳಾಗಡ್ಡಿ ಕೇಳಿದವರಿಗೆ ಉಳ್ಳಾಗಡ್ಡಿ ಕೊಡುತ್ತಿದ್ದರು. ಸಂಜೆ ಅಂಗಳದಲ್ಲಿ ಚೀಲ ಸುರಿದು ನಾವು ಮಕ್ಕಳೆಲ್ಲ ಆಯುತ್ತಿದ್ದೆವು. ಆಯಸ್ಕಾಂತ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ. ಪ್ಲಾಸ್ಟಿಕ್ಕನ್ನು ಉಗುರಿನಿಂದ ತಟ್ಟಿ ಸದ್ದಿನಲ್ಲೇ ಜಾತಿ ಹೇಳುತ್ತಿದ್ದರು ಅಬ್ಬಾ. ಆ ದುಡ್ಡಿನಲ್ಲಿ ಐದು ಮಕ್ಕಳು ಉಂಡೆವು, ಓದಿದೆವು. ನನ್ನನ್ನು ಪಿಯುಸಿವರೆಗೆ ಓದಿಸಿದರು.

2002ರಲ್ಲಿ ಸಿಂಧನೂರಿನಿಂದ ಸಂಬಂಧ ಬಂದಾಗ ಮಧ್ಯಸ್ಥರು, "ಹುಡುಗಿಯ ತಂದೆಯದು ಕಬ್ಬಿಣದ ವ್ಯಾಪಾರ" ಎಂದರು. ಅದು ಸುಳ್ಳಲ್ಲ. ಇವರು ಕಂಬಿ, ತಗಡು ಮಾರುವ ದೊಡ್ಡ ಅಂಗಡಿ ಎಂದು ತಿಳಿದರು, ನಾವು ತಿದ್ದಲಿಲ್ಲ. ಮನೆಯವರಿಗೆ ಮದುವೆಯ ನಂತರ ತಿಳಿಯಿತು, ಅವರು ಯಾರಿಗೂ ಹೇಳಲಿಲ್ಲ. ನಾನಂತೂ ಒಂದು ದಿನವೂ ಆ ಮಾತೆತ್ತಲಿಲ್ಲ. ಅಬ್ಬಾ ಎರಡು ಸಲ ನಮ್ಮ ಮನೆಗೆ ಬಂದರು. ಎರಡು ಸಲವೂ, "ಹೊಸ ಬಟ್ಟೆ ಹಾಕ್ಕೊಂಡು ಬನ್ನಿ ಅಬ್ಬಾ" ಎಂದು ಮೊದಲೇ ಹೇಳಿ ಕಳಿಸಿದ್ದೆ. ಅವರು ನಗುತ್ತಲೇ ಹಾಕಿಕೊಂಡು ಬಂದರು. 2010ರಲ್ಲಿ ತೀರಿಕೊಂಡರು. ಈಗ ಆ ಅಂಗಡಿಯನ್ನು ತಮ್ಮ ನಡೆಸುತ್ತಾನೆ. ಅದು ಊರ ಹೊರಗಿದೆ, ಮಕ್ಕಳನ್ನು ನಾನು ಎಂದೂ ಅಲ್ಲಿಗೆ ಕರೆದೊಯ್ದಿರಲಿಲ್ಲ. ಮಗಳಿಗೂ ಮಾಮುವಿನದು "ಕಬ್ಬಿಣದ ವ್ಯಾಪಾರ" ಅಷ್ಟೇ.

ಪ್ರವಾದಿಯವರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಸ್ತ್ರೀಯ ವೃತ್ತಾಂತ ನಮಗೆಲ್ಲ ಗೊತ್ತು. ಆಕೆ ತೀರಿಕೊಂಡಾಗ ಸಣ್ಣ ವಿಷಯವೆಂದು ಯಾರೂ ಅವರಿಗೆ ತಿಳಿಸಿರಲಿಲ್ಲ. ಗೊತ್ತಾದಾಗ ಅವರು ಆಕೆಯ ಕಬರ್ ಎಲ್ಲಿದೆ ಎಂದು ಕೇಳಿ, ಅಲ್ಲಿಗೇ ಹೋಗಿ ನಮಾಝ್ ಮಾಡಿ ಪ್ರಾರ್ಥಿಸಿದರು. ಈ ಕಥೆಯನ್ನು ನಾನು ನನ್ನ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಹೇಳುವಾಗ ಕಣ್ಣು ತುಂಬಿ ಬರುತ್ತಿತ್ತು. ಆದರೆ ನನ್ನ ಅಬ್ಬಾನ ಗೋಣಿಚೀಲದ ಕಥೆಯನ್ನು ಒಮ್ಮೆಯೂ ಹೇಳಿರಲಿಲ್ಲ.

ಅಂದು ರಾತ್ರಿ ಹೇಳಿದೆ. ಮಗಳು ಬೈಯಲಿಲ್ಲ, ನಗಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ನಾನಾ ಪ್ಲಾಸ್ಟಿಕ್ ಸದ್ದು ಕೇಳಿ ಗುರುತಿಸ್ತಿದ್ರಾ?" ಎಂದು ಕೇಳಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರೂ ಮಸ್ಕಿಗೆ ಹೊರಟೆವು.

ತಮ್ಮನ ಅಂಗಡಿಯಲ್ಲಿ ಅವಳು ನಾಲ್ಕು ದಿನ ಕುಳಿತಳು. ಯಾರು ತರುತ್ತಾರೆ, ಏನು ತರುತ್ತಾರೆ, ಎಷ್ಟು ತೂಕ, ಎಲ್ಲಿಗೆ ಲಾರಿ ಹೋಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಳು. ಮೊದಲಿಗೆ ತಮ್ಮ ನಾಚಿಕೊಂಡ. ಆಮೇಲೆ ಅವನಿಗೂ ಹುರುಪು ಬಂತು. ಬಕೆಟ್ಟಿನಲ್ಲಿ ನೀರಿಟ್ಟು ತೋರಿಸಿದ: ಕೊಡದ ಚೂರು, ಬಕೆಟ್ಟಿನ ಚೂರು ತೇಲುತ್ತವೆ, ನೀರಿನ ಬಾಟಲಿಯ ಚೂರು, ಪೈಪಿನ ಚೂರು ಮುಳುಗುತ್ತವೆ. ಮಗಳು ತನ್ನ ಪುಸ್ತಕದಲ್ಲಿ ಅದನ್ನೇ ಸಾಂದ್ರತೆ ಎಂದು ಓದಿದ್ದಳಂತೆ. "ಹಟ್ಟಿಯಲ್ಲಿ ಒಂದು ಟನ್ ಕಲ್ಲು ಪುಡಿ ಮಾಡಿ ಕೆಲವೇ ಗ್ರಾಂ ಚಿನ್ನ ತೆಗೀತಾರೆ, ಅವರನ್ನ ಎಲ್ಲರೂ ಹೊಗಳ್ತಾರೆ. ನಾವು ಕಸದಾಗ ಹುಡುಕಿದರೆ ಮೂಗು ಮುಚ್ಚಿಕೊಳ್ತಾರೆ" ಎಂದ ತಮ್ಮ. ನಮ್ಮ ಮಸ್ಕಿಗೆ ಹೆಸರು ಬಂದದ್ದೂ ಹಾಗೆಯೇ ಅಲ್ಲವೇ? 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರರ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. ಆಗ ತಿಳಿದಿದ್ದ ಬೇರೆ ಶಾಸನಗಳಲ್ಲಿ 'ದೇವಾನಾಂಪ್ರಿಯ' ಮುಂತಾದ ಬಿರುದಷ್ಟೇ ಇದ್ದ ಅರಸನ ಸ್ವಂತ ಹೆಸರು ಅಶೋಕ ಎಂದು ಆ ಬಂಡೆಯಲ್ಲಿ ಇತ್ತು. ಎಷ್ಟೋ ಜನ ಅದರ ಪಕ್ಕದಲ್ಲೇ ಹಾದು ಹೋಗಿದ್ದರು.

ಮಾಮುವಿನ ಅಂಗಡಿಯ ಪತ್ರ ಕಾಲೇಜಿಗೆ ಸಾಲದು ಎಂದರು. ಆದರೆ ಅವಳು ಆ ನಾಲ್ಕು ದಿನದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಪ್ರಶ್ನೆ ಕೇಳಿದ್ದ ಆರೋಗ್ಯ ನಿರೀಕ್ಷಕರ ಮುಂದೆ ಇಟ್ಟಳು. ಬೆಲೆ ಬರುವ ವಸ್ತುಗಳನ್ನು ಮನೆಯವರೇ ಗುಜರಿಗೆ ಕೊಡುತ್ತಾರೆ. ಬೆಲೆ ಇಲ್ಲದ್ದು ಮಾತ್ರ ಊರಿನ ಗಾಡಿಗೆ ಬರುತ್ತದೆ. ಅವರು ಹಾಳೆಯನ್ನು ಎರಡು ಸಲ ಓದಿ, "ನಾಳೆ ಕಾಲೇಜಿನ ಪತ್ರ ತಗೊಂಡು ಬಾ" ಎಂದರಂತೆ. ಅವರೇ ಒಳಗೆ ಹೋಗಿ ಮೇಲಧಿಕಾರಿಗಳ ಸಹಿ ಹಾಕಿಸಿದರು. ಅಲ್ಲಾಹನು ಅವರಿಗೆ ಒಳ್ಳೆಯದನ್ನು ಮಾಡಲಿ.

ಮಾರ್ಚ್ ಎರಡನೆಯ ವಾರ ಅವಳ ಕೆಲಸ ಆರಂಭವಾಯಿತು. ಬೆಳಗಿನ ಜಾವ ಎದ್ದು ಫಜ್ರ್ ನಮಾಝ್ ಮುಗಿಸಿ ಹೊರಡುತ್ತಿದ್ದಳು. ಮೊದಲ ವಾರ ಕಸದ ಗಾಡಿಯ ಜೊತೆ ಬೀದಿ ಬೀದಿ ನಡೆದಳು. ಆಮೇಲೆ ಕಸ ವಿಲೇವಾರಿ ಜಾಗದಲ್ಲಿ ಕಸದ ಲೆಕ್ಕ. ಒಂದು ಲೋಡು ಕಸ ಸುರಿದು, ಚೆನ್ನಾಗಿ ಕಲಸಿ, ರಾಶಿ ಮಾಡಿ, ನಾಲ್ಕು ಪಾಲು ಮಾಡುವುದು. ಎದುರುಬದುರಿನ ಎರಡು ಪಾಲು ತೆಗೆದು, ಉಳಿದ ಎರಡನ್ನು ಮತ್ತೆ ಕಲಸಿ, ಮತ್ತೆ ನಾಲ್ಕು ಪಾಲು. ಹೀಗೆ ಸಣ್ಣದಾಗುತ್ತಾ ಬಂದ ರಾಶಿಯನ್ನು ಕೈಯಿಂದ ಬೇರ್ಪಡಿಸಿ ತೂಗಿದರೆ ಊರಿನ ಕಸದಲ್ಲಿ ಏನೇನಿದೆ ಎಂದು ತಿಳಿಯುತ್ತದೆ. ಅವಳು ತೂಗಿದ ರಾಶಿಗಳಲ್ಲೆಲ್ಲ ಅರ್ಧಕ್ಕೂ ಹೆಚ್ಚು ನಮ್ಮ ಅಡುಗೆಮನೆಯದೇ: ತರಕಾರಿ ಸಿಪ್ಪೆ, ಅನ್ನ, ಚಹಾ ಪುಡಿ. ಇದನ್ನು ಬೇರೆ ಇಟ್ಟರೆ ಗೊಬ್ಬರ, ಬೆರೆಸಿದರೆ ಕೊಳೆತ ಕಸ.

ಸಂತೆಯ ತರಕಾರಿ ಕಸದಲ್ಲಿ ನೀರು ಹೆಚ್ಚು. ಹಾಗೇ ರಾಶಿ ಹಾಕಿದರೆ ಗಾಳಿಯಾಡದೆ ನಾರುತ್ತದೆ. ಅದಕ್ಕೆ ಒಣ ಪದಾರ್ಥ ಬೆರೆಸಬೇಕು. ಸಿಂಧನೂರು ಸೀಮೆಯಲ್ಲಿ ಭತ್ತದ ಹುಲ್ಲಿಗೆ ಕೊರತೆಯೇ? ಕೊಯ್ದ ಗದ್ದೆಯಲ್ಲಿ ಸುಡುವ ಹುಲ್ಲನ್ನು ಕತ್ತರಿಸಿ ಬೆರೆಸಿ ನೋಡಿದರು. ಸರಿಯಾಗಿ ಬೆರೆತ ರಾಶಿ ಕೆಲವೇ ದಿನಗಳಲ್ಲಿ ಒಳಗೇ ಬಿಸಿಯಾಗಿ 55-60 ಡಿಗ್ರಿಗೆ ಏರುತ್ತದೆ, ಆ ಬಿಸಿಗೆ ಕಳೆ ಬೀಜವೂ ರೋಗದ ಕ್ರಿಮಿಯೂ ಸಾಯುತ್ತವೆ. ಮಗಳು ಒಂದು ಕಬ್ಬಿಣದ ಸರಳನ್ನು ರಾಶಿಗೆ ಚುಚ್ಚಿ, ತೆಗೆದು ಮುಟ್ಟಿ ನೋಡುತ್ತಿದ್ದಳು. ನಾವು ಹಾಲಿನ ಬಿಸಿ ನೋಡಿದಂತೆ. ಮಿಲ್ಲಿನ ಹೊಟ್ಟು ಮಾತ್ರ ಬೇಗ ಕೊಳೆಯುವುದಿಲ್ಲವಂತೆ. ಅದರಲ್ಲಿ ಮರಳಿನ ಅಂಶವಿದೆ.

ಅಲ್ಲಿ ಅವಳಿಗೆ ನಿಜವಾದ ಗುರು ಒಬ್ಬ ಪೌರಕಾರ್ಮಿಕ ಮಹಿಳೆ. ಓದು ಬರಹ ಇಲ್ಲ. ಕಸದ ಚೀಲ ಎತ್ತಿದ ಕೂಡಲೇ ಅದು ಯಾವ ಬೀದಿಯದು ಎಂದು ಹೇಳುತ್ತಿದ್ದಳು. "ತಂಗೀ, ಚೀಲದಾಗ ಮೊದಲ ಕೈ ಹಾಕಬ್ಯಾಡ. ಅಲ್ಲಾಡಿಸಿ ನೋಡು, ಗಾಜಿದ್ರ ಸಪ್ಪಳ ಬರ್ತದ" ಎಂದು ಕಲಿಸಿದಳು. ಆದರೆ ಒಂದು ದಿನ ಆಕೆಯ ಕೈಯೇ ಕುಯ್ದು ಹೋಯಿತು. ಅನ್ನ-ಸಾರಿನ ಜೊತೆ ಯಾರೋ ಒಡೆದ ಚಹಾ ಗ್ಲಾಸು ಕಟ್ಟಿ ಹಾಕಿದ್ದರು. ಒದ್ದೆ ಕಸದಲ್ಲಿ ಸಪ್ಪಳ ಬರಲಿಲ್ಲ. ಮಗಳು ತನ್ನ ದುಪಟ್ಟಾದ ಅಂಚು ಹರಿದು ಕಟ್ಟಿ ಆಸ್ಪತ್ರೆಗೆ ಕರೆದೊಯ್ದಳು. ಹೊಲಿಗೆ ಬಿದ್ದವು.

ಅಂದು ಮನೆಗೆ ಬಂದವಳೇ ಕೇಳಿದಳು: "ಅಮ್ಮಿ, ಹೋದ ತಿಂಗಳು ನಮ್ಮ ಮನೇಲಿ ಗ್ಲಾಸು ಒಡೀತಲ್ಲ, ಅದನ್ನ ಹೇಗೆ ಹಾಕಿದಿರಿ?"

ಸಹೋದರಿಯರೇ, ನಾನು ಅದನ್ನು ಹಳಸಿದ ಪಲ್ಯದ ಜೊತೆ ಒಂದೇ ಕವರಿನಲ್ಲಿ ಕಟ್ಟಿ ಹಾಕಿದ್ದೆ.

ಇನ್ನೊಂದು ಮಾತು. ಬರೆಯಲು ಸಂಕೋಚವಾಗುತ್ತದೆ, ಆದರೆ ಇದು ನಮ್ಮ ನಮ್ಮಲ್ಲಿನ ಮಾತು. ತಿಂಗಳ ಪ್ಯಾಡುಗಳನ್ನೂ ಮಕ್ಕಳ ಡಯಾಪರುಗಳನ್ನೂ ನಾವು ಹೇಗೆ ಎಸೆಯುತ್ತೇವೆ? ಗಂಡಸರಿಗೆ ಕಾಣಬಾರದೆಂದು ಒಳಗೆ ತುರುಕಿ ಎಸೆಯುತ್ತೇವೆ. ನಮ್ಮ ನಾಚಿಕೆ ಉಳಿಯುತ್ತದೆ. ಆದರೆ ಕೊನೆಗೆ ಆ ಚೀಲ ಬಿಚ್ಚುವುದು ನಮ್ಮಂಥದೇ ಒಬ್ಬ ಹೆಣ್ಣಿನ ಕೈ. ಅದನ್ನು ಬೇರೆಯಾಗಿ ಸುತ್ತಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಲಾಗಿತ್ತು. ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆ ಕೊಟ್ಟರೆ ಆಕೆ ಬಿಚ್ಚುವುದಿಲ್ಲ. ಖರ್ಚು ಒಂದು ಹಾಳೆ ಪೇಪರು. ಇದನ್ನು ಮಗಳು ಹೇಳುವವರೆಗೆ ನನಗೆ ತೋಚಿರಲಿಲ್ಲ.

ಮಾರ್ಚ್ 24ಕ್ಕೆ ರಂಝಾನ್ ಬಂತು. ರಾಯಚೂರು ಸೀಮೆಯ ಬಿಸಿಲು ನಿಮಗೆ ಗೊತ್ತಿರಬಹುದು. "ಉಪವಾಸ ಇದ್ದುಕೊಂಡು ಆ ವಾಸನೆಯಲ್ಲಿ ಹೇಗೆ ಇರ್ತಾಳೆ, ಇನ್ನು ಸಾಕು" ಎಂದರು ಅತ್ತೆ. ಅಲ್ಲಿಯ ಹೆಂಗಸರೇ ಅವಳ ಕೆಲಸವನ್ನು ಬಿಸಿಲೇರುವ ಮುಂಚೆ ಮುಗಿಸಿ ಕಳಿಸುತ್ತಿದ್ದರು. ಅವಳ ಎದುರಿಗೆ ಯಾರೂ ಚಹಾ ಕುಡಿಯುತ್ತಿರಲಿಲ್ಲ. ಕೈಗೆ ಹೊಲಿಗೆ ಬಿದ್ದಿದ್ದ ಆ ಹೆಂಗಸು ಒಂದು ದಿನ, "ಸಂಜೀಗೆ ಬಿಡೋ ಹೊತ್ತಿಗೆ ತಿನ್ನವ್ವಾ" ಎಂದು ನಾಲ್ಕು ಬಾಳೆಹಣ್ಣು ಕೊಟ್ಟು ಕಳಿಸಿದಳು. ಆ ಸಂಜೆ ಮಗಳು ಬಾಳೆಹಣ್ಣು ಕತ್ತರಿಸಿ ಎಲ್ಲರ ತಟ್ಟೆಗೂ ಹಾಕಿದಳು. ಎಲ್ಲಿಂದ ಬಂತೆಂದು ಅತ್ತೆ ಕೇಳಿದರು. ಮಗಳು ಹೇಳಿದಳು. ಅತ್ತೆ ಒಂದು ಕ್ಷಣ ತಡೆದು, ಬಿಸ್ಮಿಲ್ಲಾಹ್ ಹೇಳಿ ತಿಂದರು. ಈದ್‌ನ ದಿನ ಶೀರ್ ಖುರ್ಮಾದ ಡಬ್ಬಿಯನ್ನು ಆಕೆಯ ಮನೆಗೆ ಕಳಿಸಲು ನೆನಪಿಸಿದ್ದೂ ಅತ್ತೆಯೇ.

ಆದರೆ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಅಬ್ಬಾನ ವ್ಯಾಪಾರದ ಸುದ್ದಿ ಅತ್ತೆಗೂ ಹೇಳಿದೆ. ಅವರು ಹತ್ತು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. "ಗುಜರಿ ಅನ್ನೋದಕ್ಕಲ್ಲ, ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟೆಯಲ್ಲ" ಎಂದು ಆಮೇಲೆ ಹೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಈಗಲೂ ಬಂದವರೊಡನೆ ಅವರು, "ಮೊಮ್ಮಗಳು ಎಂಜಿನಿಯರಿಂಗ್ ಟ್ರೈನಿಂಗ್ ಮಾಡಿದ್ದಾಳೆ" ಎನ್ನುತ್ತಾರೆ. ಕಸ ಎನ್ನುವುದಿಲ್ಲ. ಒಂದು ಸಂಬಂಧ ಈ ಕಾರಣಕ್ಕೇ ತಪ್ಪಿಯೂ ಹೋಯಿತು. ಮಗಳು, "ಈಗಲೇ ತಪ್ಪಿದ್ದು ಒಳ್ಳೇದಾಯ್ತು ಅಮ್ಮಿ" ಎಂದಳು.

ನಿಮ್ಮ ಮಗಳೋ ಮಗನೋ ಈ ದಾರಿಯಲ್ಲಿ ಹೊರಟರೆ ನಾವು ಎಡವಿ ಕಲಿತ ಕೆಲವು ಮಾತುಗಳನ್ನು ಹೇಳುತ್ತೇನೆ. ಬರಿಗೈಯಲ್ಲಿ ಹೋಗಬೇಡಿ, ಕಾಲೇಜಿನ ಪತ್ರ ಮತ್ತು ಒಂದು ಹಾಳೆಯಲ್ಲಿ ಬರೆದ ಒಂದು ಪ್ರಶ್ನೆ ಒಯ್ಯಿರಿ. "ಏನಾದರೂ ಕೆಲಸ ಕೊಡಿ" ಎಂದರೆ ಕಚೇರಿಯವರಿಗೆ ಅದು ಹೊರೆ. "ಸಂತೆಯ ಕಸವನ್ನು ಎರಡು ತಿಂಗಳು ತೂಗಿ ಲೆಕ್ಕ ಕೊಡುತ್ತೇನೆ" ಎಂದರೆ ಅವರಿಗೂ ಉಪಯೋಗ. ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆಯಲ್ಲಿ ಮುಖ್ಯಾಧಿಕಾರಿ ಅನುಮತಿ ಕೊಡುತ್ತಾರೆ. ಆದರೆ ಮೊದಲು ಪರಿಸರ ಎಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕರನ್ನು ಕಾಣಿರಿ. ಹಳ್ಳಿಯಲ್ಲಾದರೆ ಪಂಚಾಯಿತಿಯ ಪಿಡಿಒ. ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರೇ ಸ್ವಚ್ಛವಾಹಿನಿ ಓಡಿಸುತ್ತಾರೆ, ಒಣಕಸ ಬೇರ್ಪಡಿಸುತ್ತಾರೆ. ಹೆಣ್ಣು ಮಕ್ಕಳಿಗೆ ಅಲ್ಲಿ ಕಲಿಯುವುದು ಸುಲಭ. ಅರ್ಜಿ ಕೊಟ್ಟರೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಚುನಾವಣೆ ಮತ್ತು ಮಾರ್ಚ್ ತಿಂಗಳ ಲೆಕ್ಕಪತ್ರದ ಹೊತ್ತು ತಪ್ಪಿಸಿ, ಮೂರು ತಿಂಗಳು ಮೊದಲೇ ಆರಂಭಿಸಿ. ಕೈಗವಸು, ಬೂಟು, ಮಾಸ್ಕ್ ನೀವೇ ಕೊಡಿಸಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ. ಶೌಚಾಲಯ ಎಲ್ಲಿದೆ, ಜೊತೆಗೆ ಯಾವ ಹೆಂಗಸರು ಇರುತ್ತಾರೆ, ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ತಾಯಂದಿರು ಒಮ್ಮೆ ಹೋಗಿ ನೋಡಿ ಬನ್ನಿ. ದಿನದಿನದ ಡೈರಿ ಬರೆಸಿ. ಸರ್ಟಿಫಿಕೇಟಿನಲ್ಲಿ ಆರಂಭದ, ಮುಗಿದ ದಿನಾಂಕ ಸರಿಯಾಗಿರಲಿ.

ಇದು ಕೀಳು ಕೆಲಸ ಎಂದು ಯಾರಾದರೂ ಹೇಳಿದರೆ ಅಲ್ಮಿತ್ರಾ ಪಟೇಲ್ ಅವರ ಹೆಸರು ಹೇಳಿ. ಅಮೆರಿಕದ ಎಂ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಹೊರವಲಯದಲ್ಲಿ ನೆಲೆಸಿದ ಅವರು 1996ರಲ್ಲಿ ಊರುಗಳ ಕಸದ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ದೇಶದ ನಗರಗಳಿಗೆಲ್ಲ ಅನ್ವಯಿಸುವ ಕಸದ ನಿಯಮಗಳು 2000ದಲ್ಲಿ ಬಂದದ್ದು ಆ ಹೋರಾಟದಿಂದ. ಕಸ ಸುಡುವವರಿಗೆ ದಂಡದ ಆ ಆದೇಶ ಬಂದದ್ದೂ ಅವರ ಮೊಕದ್ದಮೆಯಲ್ಲೇ. ಕಸವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂದು ಮಂಗಳೂರಿನವರನ್ನು ಕೇಳಿ. 2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆಗಳನ್ನೂ ಅಡಿಕೆ ತೋಟಗಳನ್ನೂ ಮುಚ್ಚಿತು. ಅಲ್ಲಿ ಜಾರಿದ್ದು ಸಾವಿರಾರು ಮನೆಗಳ ಅಡುಗೆಮನೆಯಿಂದ ಬೆರೆಸಿ ಹೊರಬಿದ್ದ ಕಸವೇ.

ಮಗಳ ಡಿಪ್ಲೊಮಾ ಮುಗಿಯಿತು, ಅಲ್‌ಹಮ್ದುಲಿಲ್ಲಾಹ್. ನೇರವಾಗಿ ಎರಡನೆಯ ವರ್ಷದ ಬಿ.ಇ.ಗೆ ಸೇರಿದಳು. ಮನೆಯ ಹಿಂದಿನ ಸೈಟಿನಲ್ಲಿ ಬೆಂಕಿ ಪೂರ್ತಿ ನಿಂತಿಲ್ಲ. ಆದರೆ ನಮ್ಮ ಬೀದಿಯ ಹನ್ನೊಂದು ಮನೆಗಳು ಈಗ ಹಸಿ ಕಸ, ಒಣ ಕಸ ಬೇರೆ ಇಡುತ್ತವೆ. ನಾನೇ ಮನೆಮನೆಗೆ ಹೋಗಿ ಹೇಳಿದ್ದೇನೆ. ಒಬ್ಬರು, "ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಕೇಳಿದರು.

"ನಮ್ಮ ಅಬ್ಬಾ ಮಸ್ಕಿಯಲ್ಲಿ ಗುಜರಿ ವ್ಯಾಪಾರ ಮಾಡ್ತಿದ್ರು" ಎಂದೆ. ನಾಲಿಗೆ ತಡವರಿಸಲಿಲ್ಲ.

ಮುಂದಿನ ಸಲ ನಿಮ್ಮ ಬೀದಿಯಲ್ಲಿ "ಹಳೇ ಕಬ್ಬಿಣ, ತಗಡು" ಎಂಬ ಕೂಗು ಕೇಳಿಸಿದರೆ, ತೂಕದಲ್ಲಿ ಎರಡು ರೂಪಾಯಿಗೆ ಜಗ್ಗಾಡುವ ಮೊದಲು ಆ ಮನುಷ್ಯನಿಗೆ ಒಂದು ಲೋಟ ತಣ್ಣೀರು ಕೊಡಿ. ಅವನ ಮನೆಯಲ್ಲಿಯೂ ಓದುತ್ತಿರುವ ಒಬ್ಬಳು ಮಗಳಿರಬಹುದು.